ನಾಯಿಯ ಮೂಗು ತಣ್ಣಗಿರುವುದೇಕೆ?

ನಾಯಿಯನ್ನು ಸಾಕಿದ ಮನೆಗಳಲ್ಲೆಲ್ಲ ಒಂದು ನಂಬಿಕೆಯುಂಟು. ಅದರ ಮೂಗು ಒದ್ದೆಯಾಗಿಯೂ ತಣ್ಣಗೂ ಇದ್ದರೆ ಅದು ಆರೋಗ್ಯವಾಗಿರುವುದೆಂದೂ, ಮೂಗು ಒಣಗಿ ಬೆಚ್ಚಗಾದರೆ ಅದಕ್ಕೆ ಜ್ವರ ಬಂದಿರುವುದೆಂದೂ ಹಿರಿಯರು ಹೇಳುವರು. ಮನೆಯ ಯಜಮಾನನು ಬೆರಳಿನಿಂದ ಅದರ ಮೂಗನ್ನು ಮುಟ್ಟಿನೋಡಿ, “ಏನೂ ಇಲ್ಲ, ಚೆನ್ನಾಗಿಯೇ ಇದೆ” ಎಂದು ತೀರ್ಪು ಕೊಟ್ಟರೆ ಮನೆಮಂದಿಯೆಲ್ಲ ನಿಶ್ಚಿಂತರಾಗುವರು. ಈ ನಂಬಿಕೆಯಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಆದರೆ ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ನಾಯಿಯ ಮೈ ನಮ್ಮ ಮೈಗಿಂತ ಬಿಸಿಯಾದುದು. ಆರೋಗ್ಯವಾದ ನಾಯಿಯ ಒಳಮೈಯ ಉಷ್ಣಮಾನವು 38 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ, 39ರ ಆಸುಪಾಸಿನಲ್ಲಿರುವುದು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇದು 101ರಿಂದ 102 ಆಗುವುದು. ಇಷ್ಟು ಬೆಚ್ಚನೆಯ ಪ್ರಾಣಿಗೆ ಮೂಗಿನ ತುದಿಯೊಂದು ಮಾತ್ರ ಮಂಜಿನಂತೆ ತಣ್ಣಗಿರುವುದೇಕೆ?

ಮೊದಲು ನಾಸಾಗ್ರವೆಂದರೆ ಏನೆಂಬುದನ್ನು ನೋಡೋಣ. ಮೊಲೆಯುಣಿಸಿ ಮರಿಗಳನ್ನು ಸಾಕುವ ಪ್ರಾಣಿಗಳಲ್ಲಿ ಅನೇಕವಕ್ಕೆ ಮೂಗಿನ ಹೊಳ್ಳೆಗಳ ಸುತ್ತ ಕೂದಲಿಲ್ಲದ, ಒದ್ದೆಯಾದ, ಸೂಕ್ಷ್ಮವಾದ ಗೆರೆಗಳಿಂದ ಕೂಡಿದ ತೊಗಲಿರುವುದು. ನಾಯಿ, ಬೆಕ್ಕು, ಹಸು, ಜಿಂಕೆಗಳಲ್ಲಿ ಇದನ್ನು ಯಾರು ಬೇಕಾದರೂ ಕಾಣಬಹುದು. ನಮ್ಮ ತುಮಕೂರು ಸೀಮೆಯ ಕುರುಚಲು ಕಾಡುಗಳಲ್ಲಿ ರಾತ್ರಿ ಸಂಚರಿಸುವ ಕಾಡುಪಾಪಕ್ಕೂ ಇಂಥದೇ ಒದ್ದೆಮೂಗು ಇರುವುದು. ಕೋತಿಗಳಿಗೂ ಮನುಷ್ಯರಿಗೂ ಇದು ಇಲ್ಲ. ನಮ್ಮ ಮೂಗಿನ ತುದಿ ಉಳಿದ ಚರ್ಮದಂತೆಯೇ ಒಣಗಿರುವುದು. ಒದ್ದೆಮೂಗಿನವು, ಒಣಮೂಗಿನವು ಎಂಬ ಈ ಭೇದವನ್ನೇ ಹಿಡಿದು ಪ್ರಾಣಿಶಾಸ್ತ್ರಜ್ಞರು ವಾನರವರ್ಗವನ್ನು ಎರಡಾಗಿ ವಿಂಗಡಿಸಿರುವರು. ಕಾಡುಪಾಪವು ಒಂದು ಕಡೆಗೂ, ಕೋತಿಯೂ ನಾವೂ ಮತ್ತೊಂದು ಕಡೆಗೂ ಸೇರಿದವರು.

ಒದ್ದೆಯಾದ ವಸ್ತು ತಣ್ಣಗಾಗುವುದು ನಮ್ಮ ಮನೆಯ ಹೆಂಗಸರಿಗೆ ತಿಳಿಯದ ಸಂಗತಿಯಲ್ಲ. ಮಣ್ಣಿನ ಹೂಜಿಯ ಹೊರಮೈಯಲ್ಲಿ ನೀರು ಜಿನುಗಿ ಆವಿಯಾಗುವಾಗ ಹೂಜಿಯ ಶಾಖವನ್ನು ಕೊಂಡೊಯ್ಯುವುದು. ಒಳಗಿನ ನೀರು ತಂಪಾಗುವುದು. ಲಾಮಂಚದ ತಟ್ಟಿಗೆ ನೀರು ಚಿಮುಕಿಸುವುದೂ ಇದೇ ನ್ಯಾಯದಿಂದ. ನಾಯಿಯ ಮೂಗಿನೊಳಗೆ ಪಕ್ಕದಲ್ಲಿರುವ ಒಂದು ಗ್ರಂಥಿಯು ನೀರಿನಂಥ ದ್ರವವನ್ನು ಸ್ರವಿಸುತ್ತಿರುವುದು. ಸೆಕೆ ಹೆಚ್ಚಿದಷ್ಟೂ ಈ ಸ್ರಾವವು ಹೆಚ್ಚುವುದೆಂದು 1972ರಲ್ಲಿ ಪ್ರಯೋಗಗಳಿಂದ ಗೊತ್ತಾಯಿತು. ಸಾಲದುದಕ್ಕೆ ನಾಯಿಯು ಆಗಾಗ ನಾಲಗೆಯಿಂದ ಮೂಗನ್ನು ನೆಕ್ಕಿಕೊಳ್ಳುವುದು. ನಮ್ಮಂತೆ ಮೈಯೆಲ್ಲ ಬೆವರಲಾರದ ಈ ಪ್ರಾಣಿಗೆ ಮೂಗು, ಬಾಯಿ, ನಾಲಗೆಗಳೇ ಹೂಜಿಯ ಹೊರಮೈ.

ಇಷ್ಟರಿಂದಲೇ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಸ್ವೀಡನ್ ದೇಶದ ಲುಂಡ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಕ್ರೋಗರ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ನಾಯಿಗಳ ಮೂಗಿನ ಉಷ್ಣಮಾನವನ್ನು ಅಳೆದು 2017ರಲ್ಲಿ ಪ್ರಕಟಿಸಿದ ಫಲಿತಾಂಶಗಳು ವಿಷಯವನ್ನು ಮತ್ತೆ ತೆರೆದವು. ಸುತ್ತಲಿನ ಗಾಳಿ 30 ಡಿಗ್ರಿ ಇರುವಾಗ ಎಚ್ಚರವಾಗಿರುವ ನಾಯಿಯ ಮೂಗು ಅದಕ್ಕಿಂತ ಸುಮಾರು 5 ಡಿಗ್ರಿ ಕಡಮೆ ಇರುವುದು. ಗಾಳಿ 15 ಡಿಗ್ರಿಯಾದಾಗ ಎರಡೂ ಸಮವಾಗುವುವು. ಗಾಳಿಯು ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಗೆ ಇಳಿದಾಗಲೂ ಮೂಗು ಸುಮಾರು 8 ಡಿಗ್ರಿಯಲ್ಲಿರುವುದು. ಈ ಕಡೆಯ ಅಂಕಿಯನ್ನು ವಾಚಕರು ಗಮನಿಸಬೇಕು. ಮೈಯ ಶಾಖವನ್ನು ಕಳೆಯುವುದೊಂದೇ ಮೂಗಿನ ತಣುವಿಗೆ ಕಾರಣವಾಗಿದ್ದರೆ, ಮಂಜು ಸುರಿಯುವ ದೇಶದ ಚಳಿಯಲ್ಲಿ ನಾಯಿಯು ಮೂಗನ್ನು ಬೆಚ್ಚಗೆ ಇಟ್ಟುಕೊಳ್ಳಬೇಕಾಗಿತ್ತು. ಹಾಗೆ ಮಾಡದೆ ಅಲ್ಲಿಯೂ ಅದನ್ನು ತಣ್ಣಗೇ ಇಟ್ಟುಕೊಳ್ಳುವುದೆಂದರೆ, ಈ ತಣುವಿನಿಂದ ಅದಕ್ಕೆ ಬೇರೆ ಏನೋ ಪ್ರಯೋಜನವಿರಬೇಕು.

ತೊಡಕು ಇಲ್ಲಿಯೇ ಇರುವುದು. ತಣ್ಣಗಾದ ಚರ್ಮವು ಜಡವಾಗುವುದು ಸರ್ವವಿದಿತ. ಮಾಗಿಯ ಬೆಳಗಿನಲ್ಲಿ ತಣ್ಣೀರಿನಲ್ಲಿ ಮಿಂದವನ ಬೆರಳಿಗೆ ಜನಿವಾರದ ಗಂಟು ಕೂಡ ತಿಳಿಯದು. ನಾಯಿಯ ಮೂಗಿನ ತೊಗಲಿನಲ್ಲಾದರೋ ನರತಂತುಗಳು ದಟ್ಟವಾಗಿ ತುಂಬಿರುವುವು. ಇಷ್ಟು ನರಗಳನ್ನು ಒಂದೆಡೆ ಕೂಡಿಸಿ, ಆ ಸ್ಥಳವನ್ನೇ ತಣ್ಣಗಾಗಿಸಿ, ಅವುಗಳನ್ನು ಮಂಕುಮಾಡುವುದು ಪ್ರಕೃತಿಯ ರೀತಿಯೆ? ವೀಣೆಗೆ ತಂತಿಗಳನ್ನು ಬಿಗಿದು ಅದರ ಮೇಲೆ ಕಂಬಳಿ ಹೊದಿಸಿದಂತಲ್ಲವೆ ಅದು?

ಇತರ ಪ್ರಾಣಿಗಳನ್ನು ಹೋಲಿಸಿ ನೋಡಿದಾಗ ಸ್ವಲ್ಪ ಬೆಳಕು ದೊರೆಯುವುದು. ಲುಂಡ್‌ನ ವಿದ್ವಾಂಸರು ಅದೇ ವರ್ಷ ಬೇರೆ ಬೇರೆ ಸಸ್ತನಿಗಳ ಮೂಗುಗಳನ್ನು ಶಾಖಚಿತ್ರ ತೆಗೆಯುವ ಕ್ಯಾಮರಾದಿಂದ ಪರೀಕ್ಷಿಸಿದರು. ಹುಲ್ಲು ಮೇಯುವ ಪ್ರಾಣಿಗಳ ಮೂಗಿನ ತುದಿ, ಒದ್ದೆಯಾಗಿದ್ದರೂ, ಬೆಚ್ಚಗಿರುವುದು ಕಂಡುಬಂದಿತು. ನಾಯಿಯ ಜಾತಿಗೆ ಸೇರಿದ ಮಾಂಸಾಹಾರಿಗಳಲ್ಲಿ ಅದು ತಣ್ಣಗಿದ್ದಿತು. ಇದಕ್ಕೆ ಅರ್ಥವುಂಟು. ಹಸುವಿಗೆ ಮೂಗೂ ತುಟಿಯೂ ಕೈಯಿದ್ದಂತೆ. ಮೇಯುವಾಗ ತನ್ನ ಬಾಯಿಯ ಕೆಳಗಿನ ಹುಲ್ಲು ಅದರ ಕಣ್ಣಿಗೆ ಕಾಣದು. ಎಸಳಾವುದು, ಮುಳ್ಳಾವುದು, ಕಲ್ಲಾವುದು ಎಂಬುದನ್ನು ಅದು ಮುಟ್ಟಿಯೇ ತಿಳಿಯಬೇಕು. ಮುಟ್ಟಿ ತಿಳಿಯುವ ಅಂಗವು ಬೆಚ್ಚಗಿರಬೇಕು. ಮೂಗುದಾರವೆಂಬ ಎಳೆಯಷ್ಟು ಹಗ್ಗಕ್ಕೆ ಬಂಡಿಯೆಳೆಯುವ ಎತ್ತು ಮಣಿಯುವುದೂ ಆ ಸ್ಥಳದ ಸೂಕ್ಷ್ಮತೆಯಿಂದಲೇ ಎಂಬುದನ್ನು ಹಗ್ಗ ಹಿಡಿದವರು ಮರೆಯಬಾರದು. ಹಸುವಿನ ಮುಸುಡಿಯ ಗೆರೆಗಳು ನಮ್ಮ ಬೆರಳಚ್ಚಿನಂತೆ ಒಂದರದು ಒಂದಕ್ಕೆ ಹೋಲವು. ಅವುಗಳ ಅಚ್ಚಿನಿಂದ ಹಸುವನ್ನು ಗುರುತಿಸಬಹುದೆಂಬುದು 1922ರಷ್ಟು ಹಿಂದೆಯೇ ಅಮೆರಿಕಾದಲ್ಲಿ ಪ್ರಕಟವಾಗಿತ್ತು.

ಮೂಗಿನಿಂದ ಮುಟ್ಟಿ ತಿಳಿಯುವ ವಿದ್ಯೆಯ ಪರಾಕಾಷ್ಠೆಯನ್ನು ಉತ್ತರ ಅಮೆರಿಕಾದ ನಕ್ಷತ್ರಮೂಗಿನ ನೆಲಗುಮ್ಮನಲ್ಲಿ ಕಾಣಬೇಕು. ಕತ್ತಲೆಯ ಬಿಲಗಳಲ್ಲಿ ಬದುಕುವ ಈ ಅಂಗೈಯಷ್ಟರ ಪ್ರಾಣಿಯ ಮೂಗಿನ ಸುತ್ತ 22 ಸಣ್ಣ ಬೆರಳುಗಳು ನಕ್ಷತ್ರದ ಕಿರಣಗಳಂತೆ ಹರಡಿರುವುವು. ಜರ್ಮನಿಯ ಐಮರ್ ಎಂಬವರು 1871ರಲ್ಲಿ ಯೂರೋಪಿನ ನೆಲಗುಮ್ಮನಲ್ಲಿ ಕಂಡುಹಿಡಿದ ಸ್ಪರ್ಶಬಿಂದುಗಳು ಈ ನಕ್ಷತ್ರದ ಮೇಲೆ ಇಪ್ಪತ್ತೈದು ಸಾವಿರದಷ್ಟಿರುವುವು. ಇಷ್ಟೆಲ್ಲ ಇರುವುದು ನಮ್ಮ ಬೆರಳ ತುದಿಗಿಂತ ದೊಡ್ಡದಲ್ಲದ ಒಂದು ಮೂಗಿನ ಮೇಲೆ. ಅದು ಮೂಸುವುದಕ್ಕಾಗಿ ಅಲ್ಲ, ಮುಟ್ಟುವುದಕ್ಕಾಗಿ ಇರುವ ನಕ್ಷತ್ರ.

ಇಲ್ಲಿ ನಮ್ಮ ಶಾಸ್ತ್ರದ ಮಾತೊಂದನ್ನು ನೆನೆಯುವುದು ಅಪ್ರಸ್ತುತವಾಗದು. ಘ್ರಾಣೇಂದ್ರಿಯವು ನಾಸಾಗ್ರದಲ್ಲಿರುವುದೆಂದು ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಹೇಳಿದೆ. ತ್ವಗಿಂದ್ರಿಯವಾದರೋ ಸಮಸ್ತ ಶರೀರವನ್ನೂ ವ್ಯಾಪಿಸಿರುವುದು. ಸ್ಪರ್ಶವನ್ನು ಶೀತ, ಉಷ್ಣ, ಎರಡೂ ಅಲ್ಲದುದು ಎಂದು ಮೂರಾಗಿ ವಿಂಗಡಿಸಿ, ಉಷ್ಣಸ್ಪರ್ಶವು ತೇಜಸ್ಸಿನದೆಂದು ಅಲ್ಲಿಯೇ ನಿರ್ಣಯಿಸಿದೆ. ಈಗಿನ ಶರೀರಶಾಸ್ತ್ರದ ಪ್ರಕಾರ ವಾಸನೆಯನ್ನು ಹಿಡಿಯುವ ಪೊರೆಯು ಮೂಗಿನ ತುದಿಯಲ್ಲಿಲ್ಲ. ಅದು ಬಹಳ ಒಳಗೆ, ಮಿದುಳಿನ ಸಮೀಪದಲ್ಲಿ, ಬೆಚ್ಚನೆಯ ತೇವದಲ್ಲಿ ಅಡಗಿರುವುದು. ಅಲ್ಲಿಗೆ ಹೋಗುವ ಗಾಳಿಯನ್ನು ಮೂಗಿನ ಸುರುಳಿಗಳು ದಾರಿಯಲ್ಲಿಯೇ ಬೆಚ್ಚಗೆ ಮಾಡಿ ಒದ್ದೆಗೊಳಿಸುವುವು. ವಾಸನೆಯ ಅಣುಗಳನ್ನು ಗುರುತಿಸುವ ವಂಶಬೀಜಗಳನ್ನು 1991ರಲ್ಲಿ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಎಂಬವರು ಕಂಡುಹಿಡಿದು 2004ರಲ್ಲಿ ನೊಬೆಲ್ ಬಹುಮಾನ ಪಡೆದರು. ಅಂಥ ಬೀಜಗಳು ಕೆಲಸಮಾಡುವ ಸ್ಥಿತಿಯಲ್ಲಿ ಮನುಷ್ಯನಿಗೆ ಸುಮಾರು 400, ನಾಯಿಗೆ ಅದರ ಇಮ್ಮಡಿ, ಆಫ್ರಿಕಾದ ಆನೆಗೆ ಸುಮಾರು 2000. ಹೀಗೆ ಗಂಧಗ್ರಹಣದ ಕೆಲಸವು ಒಳಗಿನ ಬೆಚ್ಚನೆಯ ಮನೆಯಲ್ಲಿ ನಡೆಯುತ್ತಿರುವಾಗ, ಹೊರಬಾಗಿಲಿನ ತಣ್ಣನೆಯ ಜಗುಲಿಯಲ್ಲಿ ಕುಳಿತಿರುವವರು ಯಾರು? ತ್ವಗಿಂದ್ರಿಯವೇ ಎಂದು ತಾರ್ಕಿಕನೂ ಒಪ್ಪುವನು. ಅದು ಗ್ರಹಿಸುತ್ತಿರುವುದು ಯಾವುದನ್ನು? ತೇಜಸ್ಸನ್ನು, ಎಂದರೆ ಶಾಖವನ್ನು ಎಂಬುದು ಹೊಸ ಉತ್ತರ.

ಶಾಖವು ಮುಟ್ಟಿದರೆ ಮಾತ್ರ ತಿಳಿಯುವುದೆಂದು ಭಾವಿಸಬೇಕಾಗಿಲ್ಲ. ಸುಗ್ಗಿಯ ರಾತ್ರಿಯಲ್ಲಿ ಕಣದ ಬೆಂಕಿಯಿಂದ ನಾಲ್ಕು ಮಾರು ದೂರ ಕುಳಿತವನ ಬೆನ್ನಿಗೆ ಚಳಿ ಹೊಡೆಯುತ್ತಿದ್ದರೂ ಮುಖಕ್ಕೆ ಕಾವು ತಾಗುವುದು. ನಡುವಿನ ಗಾಳಿ ತಣ್ಣಗೇ ಇರುವುದು. ಕಾವು ಬರುವುದು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ. ಇನ್‌ಫ್ರಾರೆಡ್ ಎಂಬ ಹೆಸರಿನ ಈ ಕಿರಣಗಳು ಬೆಳಕಿನ ದಾಯಾದಿಗಳೇ ಆಗಿರುವುವು. ಬೆಂಕಿಯಷ್ಟೇ ಅಲ್ಲ, ಮೊಲ, ಇಲಿ, ಮನುಷ್ಯ ಮುಂತಾದ ಬೆಚ್ಚನೆಯ ಮೈಗಳೆಲ್ಲವೂ ಇವನ್ನು ಹೊರಸೂಸುತ್ತಿರುವುವು. ಆದರೆ ಅವು ಬಹಳ ಕ್ಷೀಣ. ಇವನ್ನು ಹಿಡಿಯುವ ಅಂಗವು ತಾನೇ ಬಿಸಿಯಾಗಿದ್ದರೆ ಬರುವುದಕ್ಕಿಂತ ಹೋಗುವ ಶಾಖವೇ ಹೆಚ್ಚಾಗುವುದು. ಮೂಗು 36 ಡಿಗ್ರಿ ಇದ್ದು, ಮೊಲದ ತುಪ್ಪುಳಿನ ಹೊರಮೈ 30 ಡಿಗ್ರಿ ಇದ್ದರೆ, ಮೊಲದಿಂದ ಮೂಗು ಪಡೆಯುವುದಕ್ಕಿಂತ ಮೊಲಕ್ಕೆ ಕೊಡುವುದೇ ಅಧಿಕ. ಮೂಗು 20 ಡಿಗ್ರಿಯಲ್ಲಿದ್ದರೆ ಲೆಕ್ಕ ತಿರುಗಿ ಮೂಗಿಗೆ ಲಾಭವಾಗುವುದು. ಬಿಸಿನೀರಿನಲ್ಲಿದ್ದ ಕೈಗೆ ಉಗುರುಬೆಚ್ಚಗಿನ ನೀರು ತಣ್ಣಗೆ ತೋರುವುದು, ತಣ್ಣೀರಿನಲ್ಲಿದ್ದ ಕೈಗೆ ಅದೇ ನೀರು ಬಿಸಿಯಾಗಿ ತೋರುವುದು. ಈ ಆಟವನ್ನು ನಾವು ತರಗತಿಯಲ್ಲಿ ಮೂರು ಬೋಗುಣಿಗಳನ್ನಿಟ್ಟು ಎಷ್ಟೋ ಬಾರಿ ಮಾಡಿ ತೋರಿಸಿರುವೆವು.

ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. ಲುಂಡ್‌ನವರೂ ಹಂಗೇರಿಯ ಬುಡಾಪೆಸ್ಟ್ ನಗರದ ವಿದ್ವಾಂಸರೂ ಸೇರಿ ನಡೆಸಿದ ಪ್ರಯೋಗವು 2020ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ಎರಡು ಹಲಗೆಗಳು. ಒಂದು ಸುತ್ತಲಿನಷ್ಟೇ ತಣ್ಣಗೆ, ಇನ್ನೊಂದು ಅದಕ್ಕಿಂತ ಸುಮಾರು 11–12 ಡಿಗ್ರಿ ಬೆಚ್ಚಗೆ. ನಾಯಿಯು ಸುಮಾರು 1.6 ಮೀಟರ್, ಎಂದರೆ ಐದಡಿಗೂ ತುಸು ಹೆಚ್ಚು ದೂರದಿಂದಲೇ ಬೆಚ್ಚನೆಯದನ್ನು ಆರಿಸಬೇಕು. ಮನುಷ್ಯನ ಅಂಗೈಗೆ ಅಷ್ಟು ದೂರದಿಂದ ಆ ಭೇದವು ತಿಳಿಯದು. ಅಭ್ಯಾಸ ಮಾಡಿಸಿದ ಮೂರು ನಾಯಿಗಳೂ, ಬರಿಯ ಅದೃಷ್ಟದಿಂದ ಆಗಬಹುದಾದುದಕ್ಕಿಂತ ಹೆಚ್ಚು ಸಲ, ಸರಿಯಾಗಿ ಆರಿಸಿದುವು. ಬಳಿಕ ಬುಡಾಪೆಸ್ಟ್‌ನಲ್ಲಿ ಎಂ.ಆರ್.ಐ. ಯಂತ್ರದೊಳಗೆ ಅಲುಗದೆ ಮಲಗಲು ಕಲಿತ 13 ನಾಯಿಗಳ ಮೂಗಿನೆದುರು ಬೆಚ್ಚನೆಯ ವಸ್ತುವನ್ನೂ ತಣ್ಣನೆಯ ವಸ್ತುವನ್ನೂ ಒಡ್ಡಿದಾಗ, ಬೆಚ್ಚನೆಯದಕ್ಕೆ ಅವುಗಳ ಮಿದುಳಿನ ಎಡಭಾಗದಲ್ಲಿ ಸ್ಪರ್ಶಜ್ಞಾನಕ್ಕೆ ಸಂಬಂಧಪಟ್ಟ ಒಂದು ಪ್ರದೇಶವು ಹೆಚ್ಚು ಚುರುಕಾಯಿತು. ಬೇಟೆಯಾಡಿ ಬದುಕಿದ ತೋಳದ ವಂಶಕ್ಕೆ, ಪೊದೆಯಲ್ಲಿ ಅಡಗಿದ ಬಿಸಿನೆತ್ತರಿನ ಪ್ರಾಣಿಯ ಕಾವು ತಿಳಿಯುವುದು ಎಷ್ಟು ಲಾಭವೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಶಕ್ತಿಯು ಸೃಷ್ಟಿಯಲ್ಲಿ ನಾಯಿಗೊಂದಕ್ಕೇ ಬಂದುದಲ್ಲ. ನಮ್ಮ ಪಶ್ಚಿಮಘಟ್ಟದ ಗುಳಿಮಂಡಲ ಹಾವಿನ ಕಣ್ಣಿಗೂ ಮೂಗಿಗೂ ನಡುವೆ ಇರುವ ಗುಳಿಯು ಶಾಖವನ್ನು ಕಾಣುವ ಕಣ್ಣೇ ಸರಿ. ಹೆಬ್ಬಾವಿಗೂ ತುಟಿಯಂಚಿನಲ್ಲಿ ಅಂಥ ಗುಳಿಗಳುಂಟು. ಸಸ್ತನಿಗಳಲ್ಲಿ ಇದಕ್ಕೆ ಪ್ರಸಿದ್ಧವಾದುದು ದಕ್ಷಿಣ ಮತ್ತು ಮಧ್ಯ ಅಮೆರಿಕಾದ ರಕ್ತಹೀರುವ ಬಾವಲಿ. ದನಗಳ ಮೈಮೇಲೆ ನೆತ್ತರು ಚರ್ಮಕ್ಕೆ ಸಮೀಪವಾಗಿ ಹರಿಯುವ ಸ್ಥಳವನ್ನು ಅದು ಮೂಗಿನ ಕಾವುಜ್ಞಾನದಿಂದ ಹುಡುಕುವುದು. ಸುಮಾರು 16 ಸೆಂಟಿಮೀಟರ್ ದೂರದಿಂದ ಮನುಷ್ಯನ ಚರ್ಮದ ಕಾವನ್ನೂ ತಿಳಿಯಬಲ್ಲುದು. ಆಶ್ಚರ್ಯವೆಂದರೆ, ಅದರ ಮೂಗಿನ ಆ ಭಾಗವೂ ಸುತ್ತಣ ಮುಖಕ್ಕಿಂತ ಸುಮಾರು 9 ಡಿಗ್ರಿ ತಣ್ಣಗೆ, 29 ಡಿಗ್ರಿಯಲ್ಲಿರುವುದು. ಮೆಣಸಿನಕಾಯಿಯ ಖಾರವೂ ಸುಡುವ ಬಿಸಿಯೂ ನಮಗೆ ತಿಳಿಯುವುದು ನರತಂತುವಿನಲ್ಲಿರುವ ಒಂದೇ ಬಾಗಿಲಿನ ಮೂಲಕ. ನಮ್ಮಲ್ಲಿ ಸುಮಾರು 43 ಡಿಗ್ರಿಯಲ್ಲಿ ತೆರೆಯುವ ಆ ಬಾಗಿಲು ಬಾವಲಿಯ ಮೂಗಿನಲ್ಲಿ ತುಸು ಮೊಟಕಾಗಿ, 30 ಡಿಗ್ರಿಯ ಸುಮಾರಿಗೆ ತೆರೆಯುವುದೆಂದು 2011ರಲ್ಲಿ ತಿಳಿದುಬಂದಿತು. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ, ಇನ್ನೊಬ್ಬ ವಿದ್ವಾಂಸರೊಡನೆ, ನೊಬೆಲ್ ಬಹುಮಾನವು ದೊರೆಯಿತು.

ಒಣಮೂಗಿನ ನಮ್ಮ ಕಡೆಯವರ ಮೂಗಿನ ಉಷ್ಣಮಾನವೂ ಅರ್ಥಶೂನ್ಯವಾದುದಲ್ಲ. ಭಯಪಟ್ಟ ಕೋತಿಯ ಮೂಗು ತಣ್ಣಗಾಗುವುದೆಂದು 2005ರಲ್ಲಿ ಜಪಾನಿನವರು ಶಾಖಚಿತ್ರಗಳಿಂದ ತೋರಿಸಿದರು. ಹೆದರಿಕೆಯಿಂದ ಚರ್ಮದ ಸಣ್ಣ ನೆತ್ತರನಾಳಗಳು ಮುದುಡಿ, ಮೂಗಿಗೆ ಬರುವ ಬಿಸಿರಕ್ತ ಕಡಮೆಯಾಗುವುದೇ ಕಾರಣ. ಮನುಷ್ಯರಲ್ಲಿಯೂ ಹೀಗೆಯೇ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನಾಯಿಯ ಮೂಗು ಉಷ್ಣಮಾಪಕವೆ? ಅಲ್ಲ. ಎಚ್ಚರವಾಗಿ ಚುರುಕಾಗಿರುವ ನಾಯಿಯ ಮೂಗು ತಣ್ಣಗಿರುವುದು ನಿಜ. ಜ್ವರದಿಂದ ಮಂಕಾದ ನಾಯಿಯ ಮೂಗು ಬೆಚ್ಚಗಾಗುವುದೂ ಉಂಟು. ಹಿರಿಯರ ಮಾತು ಹುಟ್ಟಿದುದು ಇಲ್ಲಿಂದಲೇ ಇರಬೇಕು. ಆದರೆ ಸುಖವಾಗಿ ನಿದ್ದೆಮಾಡಿ ಎದ್ದ ನಾಯಿಯ ಮೂಗೂ ಬೆಚ್ಚಗಿರುವುದು. ಬಿಸಿಲು ಕಾಯಿಸಿದ ನಾಯಿಯದೂ ಒಲೆಯ ಬಳಿ ಮಲಗಿದುದರದೂ ಹಾಗೆಯೇ. ಈಗ ತಾನೆ ನೀರು ಕುಡಿದ ರೋಗಿಷ್ಠ ನಾಯಿಯ ಮೂಗು ತಣ್ಣಗಿದ್ದೀತು. ಆದಕಾರಣ ಮೂಗನ್ನು ಮುಟ್ಟಿ ನಿದ್ದೆಯ ನಾಯಿಗೆ ಕಷಾಯ ಕುಡಿಸುವುದೂ ತಪ್ಪು, ಅನ್ನ ಬಿಟ್ಟು ಮೂಲೆ ಸೇರಿದ ನಾಯಿಯನ್ನು ಉಪೇಕ್ಷಿಸುವುದೂ ತಪ್ಪು. ಜ್ವರವನ್ನು ತಿಳಿಯಬೇಕಾದರೆ ಪಶುವೈದ್ಯರ ಥರ್ಮಾಮೀಟರೇ ಗತಿ.

ಈ ನಂಬಿಕೆಯು ಪ್ರಾಣಕ್ಕೇ ಸಂಚಕಾರ ತರುವ ಸಂದರ್ಭವೂ ಒಂದುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಸಾಕಿದ ನಾಯಿಯು ಏಳು ವರ್ಷದ ಹುಡುಗನ ಮುಂಗೈಯನ್ನು ಕಚ್ಚಿತು. ಗಾಯವು ಉಗುರು ಗೀಚಿದಷ್ಟೇ. ಮನೆಯ ಹಿರಿಯರು ನಾಯಿಯ ಮೂಗನ್ನು ಮುಟ್ಟಿ ನೋಡಿ, ತಣ್ಣಗಿದೆ, ನಾಯಿಗೆ ರೋಗವಿಲ್ಲ, ಸೂಜಿ ಚುಚ್ಚಿಸಿ ಮಗುವನ್ನು ನೋಯಿಸುವುದೇಕೆ ಎಂದು ಅರಿಸಿನ ಮೆತ್ತಿ ಸುಮ್ಮನಾದರು. ಹುಡುಗನ ತಾಯಿಗೆ ಮಾತ್ರ ಮನಸ್ಸು ನಿಲ್ಲದೆ, ಸಂಜೆಯ ಹೊತ್ತಿಗೆ ನಮ್ಮಲ್ಲಿಗೆ ಬಂದು ಕೇಳಿದಳು. ಮೂಗಿನ ಮಾತನ್ನು ಬಿಟ್ಟು ಆಸ್ಪತ್ರೆಗೆ ನಡೆಯಿರೆಂದು ಹೇಳಿ ನಾವೂ ಜೊತೆಯಲ್ಲಿ ಹೋದೆವು. ಅಂದೇ ಗಾಯವನ್ನು ತೊಳೆದು ಚುಚ್ಚುಮದ್ದು ಆರಂಭಿಸಿದರು. ಐದನೆಯ ದಿನ ನಾಯಿಯು ಜೊಲ್ಲು ಸುರಿಸುತ್ತ, ನೀರು ನುಂಗಲಾರದೆ ಸತ್ತಿತು. ಹುಡುಗನು ಈಗ ಹೈಸ್ಕೂಲಿನಲ್ಲಿ ಓದುತ್ತಿರುವನು. ಅಂದು ಆ ತಾಯಿ ಹಿರಿಯರ ಮಾತಿಗೆ ತಲೆಬಾಗಿ ಮನೆಯಲ್ಲಿಯೇ ಕುಳಿತಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುವುದು.

ಹುಚ್ಚುನಾಯಿಯ ರೋಗವು ನಾಯಿಯಲ್ಲಿ ಹೊರಗೆ ಕಾಣಿಸುವುದಕ್ಕೆ ಕೆಲವು ದಿನಗಳ ಮೊದಲೇ ಅದರ ಜೊಲ್ಲಿನಲ್ಲಿ ವಿಷಾಣುಗಳಿರಬಹುದು. ಆಗ ಅದರ ಮೂಗೂ ತಣ್ಣಗೆ, ಕಣ್ಣೂ ಚುರುಕಾಗಿ, ಬಾಲವೂ ಆಡುತ್ತಿದ್ದೀತು. ಮನುಷ್ಯನಲ್ಲಿ ರೋಗಲಕ್ಷಣಗಳು ಒಮ್ಮೆ ತೋರಿದವೆಂದರೆ ಉಳಿಯುವ ಆಶೆಯು ಇಲ್ಲವೆಂದೇ ಹೇಳಬೇಕು. ಮೊದಲೇ ಎಚ್ಚೆತ್ತರೆ ಭಯವಿಲ್ಲ. ನಾಯಿ ಕಚ್ಚಲಿ, ಗೀರಲಿ, ಗಾಯವನ್ನು ಕೂಡಲೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಾಕಿದ ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸಬೇಕು.

ಇನ್ನೊಂದು ಮಾತು. ಮುಖ ಚಪ್ಪಟೆಯಾದ, ಮೂಗು ಮೊಂಡಾದ ವಿದೇಶೀ ನಾಯಿಮರಿಗಳನ್ನು ಈಚೆಗೆ ಪಟ್ಟಣಿಗರು ಮುದ್ದಿಗಾಗಿ ತರುತ್ತಿರುವರು. ಮೈಯ ಶಾಖವನ್ನು ಕಳೆಯುವ ಮೂಗಿನ ಸುರುಳಿಗಳಿಗೆ ಆ ಮೋರೆಯಲ್ಲಿ ಎಡೆಯಿಲ್ಲ; ಉಸಿರಾಟವೇ ಅವಕ್ಕೆ ಕಷ್ಟ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಅವು ಬಳಲಿ ಪ್ರಾಣಬಿಡುವುದೂ ಉಂಟು. ಅಂಥದನ್ನು ತಂದವರು ನಡುಹಗಲಿನಲ್ಲಿ ಅದನ್ನು ಹೊರಗೆ ಕರೆದೊಯ್ಯಬಾರದು; ಮುಚ್ಚಿದ ಮೋಟಾರಿನಲ್ಲಿ ಯಾವ ನಾಯಿಯನ್ನೂ ಕ್ಷಣಕಾಲವೂ ಬಿಡಬಾರದು. ತರದೆ ಇರುವವರು ನಮ್ಮ ಬೀದಿಯಲ್ಲಿ ಹುಟ್ಟಿದ ನೀಳಮೂಗಿನ ಮರಿಯನ್ನೇ ಸಾಕುವುದು ಲೇಸು. ಈ ದೇಶದ ಬಿಸಿಲಿಗೆ ತಕ್ಕ ಹೂಜಿಯನ್ನು ಅದು ಮುಖದಲ್ಲಿಯೇ ಹೊತ್ತು ಹುಟ್ಟಿರುವುದು. ಅದು ಬತ್ತದಂತೆ ಜಗುಲಿಯ ಮೂಲೆಯಲ್ಲಿ ಒಂದು ಬಟ್ಟಲು ನೀರನ್ನು ನಾವು ಇಟ್ಟರೆ ಸಾಕು.